ಈರಸಂಗಪ್ಪನ ನಲವತ್ತು ಚೀಲ

ನಮ್ಮೂರಿನಲ್ಲಿ ಹೊಲಿದ ಬೆನ್ನುಚೀಲ ಕೊಳ್ಳಲು ಬರುವವರು ಮೊದಲು ಅದನ್ನು ಎತ್ತಿ ನೋಡುತ್ತಾರೆ, ಆಮೇಲೆ ಬೆಲೆ ಕೇಳುತ್ತಾರೆ, ಆಮೇಲೆ ನಗುತ್ತಾರೆ. ಈ ಮೂರನೆಯದು ತಪ್ಪಿದ್ದನ್ನು ನಾನು ಇಪ್ಪತ್ತಾರು ವರ್ಷಗಳಲ್ಲಿ ಒಮ್ಮೆಯೂ ನೋಡಿಲ್ಲ. ಎಲ್ಲರೂ ಗುಡ್ಡ ಹತ್ತಲೆಂದು ದೂರದಿಂದ ಬರುವವರು. ತಲೆಗೆ ಟೋಪಿ, ಕಾಲಿಗೆ ದುಬಾರಿ ಬೂಟು, ಬಾಯಲ್ಲಿ ಮಾತ್ರ ಚೌಕಾಶಿ.

“ಮೂರು ಸಾವಿರದ ಇನ್ನೂರಾ? ಬಟ್ಟೆ ಎಷ್ಟರದು ಇದಕ್ಕೆ?”

“ಬಟ್ಟಿ ಮುನ್ನೂರ ಐವತ್ತು, ಜಿಪ್ಪು ನೂರು, ಪಟ್ಟಿ ಬಕಲ್ಲು ಕೂಡಿ ನೂರಾ ಐವತ್ತು,” ಎನ್ನುತ್ತಾರೆ ನಮ್ಮ ಮನೆಯವರು, ಈರಸಂಗಪ್ಪ.

“ಉಳಿದದ್ದು?”

“ಕೈಗೂಲಿ ರೀ.”

ಅಲ್ಲಿಗೆ ನಗು ಶುರುವಾಗುತ್ತದೆ. ಉಳಿದದ್ದು ಕೈಯ ಕೂಲಿಯಲ್ಲ, ಹೆಗಲಿನ ಕೂಲಿ. ಆದರೆ ಹಾಗೆಂದು ಹೇಳುವಂತಿಲ್ಲ. ನಮ್ಮೂರಿನಲ್ಲಿ ಹೊಲಿದ ಚೀಲ ಯಾರ ಬೆನ್ನೇರಿದರೂ ಅದರ ಅರ್ಧ ಭಾರ ಹೊಲಿದವರ ಹೆಗಲಿಗೆ ಬರುತ್ತದೆ. ಕೊಂಡವರು ಗುಡ್ಡ ಹತ್ತಿ ಇಳಿದು ಬಂದು, “ಎಷ್ಟು ಹಗುರ ಇದೆಯಪ್ಪಾ, ಪಟ್ಟಿಯಲ್ಲಿ ಏನೋ ಕರಾಮತ್ತು ಮಾಡಿದ್ದೀರಿ” ಎಂದು ಹೊಗಳಿ ಬಸ್ಸು ಹತ್ತುತ್ತಾರೆ. ಅವರು ಹತ್ತುವಾಗ ಆ ಕರಾಮತ್ತು ನಮ್ಮ ಪಡಸಾಲೆಯ ಗೋಡೆಗೆ ಒರಗಿ, ಹಲ್ಲು ಕಚ್ಚಿ ಚಹಾ ಕುಡಿಯುತ್ತಾ ಕುಳಿತಿರುತ್ತದೆ.

ಹೀಗಾಗಿ ನಮ್ಮೂರಿನಲ್ಲಿ ಶನಿವಾರ, ಭಾನುವಾರ ಮದುವೆ ಇಟ್ಟುಕೊಳ್ಳುವುದಿಲ್ಲ. ಅಕ್ಷತೆ ಹಾಕುವ ಹೊತ್ತಿಗೆ ಮಾವನಾದವನು ಕುಸಿದು ಕೂತರೆ ಏನು ಚೆಂದ? ಆ ಎರಡು ದಿನ ಕ್ಷೌರದ ಅಂಗಡಿಯಲ್ಲಿ ಹೊಲಿಯುವವರ ಗಡ್ಡಕ್ಕೆ ಕತ್ತಿ ತಾಗಿಸುವುದಿಲ್ಲ. ಮಾತಿನ ನಡುವೆ ಯಾರಾದರೂ ಹ್ಞಾಂ ಎಂದು ಮುಗ್ಗರಿಸಿದರೆ ಎದುರಿಗಿದ್ದವರು ಏನೂ ಕೇಳದೆ ಅವರ ಕೈಯ ಚಹಾದ ಬಸಿಯನ್ನು ಹಿಡಿದುಕೊಳ್ಳುತ್ತಾರೆ. ಹಳಬರಿಗೆ ಒಳಗಿರುವ ಸಾಮಾನೂ ತಿಳಿಯುತ್ತದೆ. ನೀರು ಅಲುಗಾಡುತ್ತದೆ, ಅಕ್ಕಿ ಗಟ್ಟಿಯಾಗಿ ಕೂರುತ್ತದೆ, ಕ್ಯಾಮೆರಾ ಒಂದೇ ಕಡೆ ಜಗ್ಗುತ್ತದೆ. “ಇವತ್ತ ಯಾವನೋ ಕಲ್ಲಂಗಡಿ ಒಯ್ದಾನ ನೋಡ ಗಂಗೂ,” ಎಂದು ಇವರು ನನ್ನ ಹತ್ತಿರ ಗೊಣಗಿದ್ದೂ ಉಂಟು.

ನಿಯಮಗಳು ಹೆಚ್ಚಿಲ್ಲ. ಹೊರಗಿನವರಿಗೆ ಹೇಳಬಾರದು. ಹಿಂದೊಮ್ಮೆ ಹೇಳಿದ್ದಕ್ಕೆ ನಾಲ್ಕು ಜನ ಸೇರಿ ತಮಾಷೆಗೆ ಕಲ್ಲು ತುಂಬಿದರಂತೆ, ಹೊಲಿದ ಅಜ್ಜ ಎಂಟು ದಿನ ಹಾಸಿಗೆ ಬಿಟ್ಟೇಳಲಿಲ್ಲವಂತೆ. ಒಬ್ಬರ ಹೆಸರಿನಲ್ಲಿ ಹನ್ನೆರಡಕ್ಕಿಂತ ಹೆಚ್ಚು ಚೀಲ ಓಡಾಡಬಾರದು. ಹದಿಮೂರನೆಯದು ಹೊಲಿಯಬೇಕಾದರೆ ಹಳೆಯದೊಂದನ್ನು ತರಿಸಿ ಬಿಚ್ಚಬೇಕು. ಒಂದು ಚೀಲಕ್ಕೆ ಒಂದೇ ಕೈ, ಯಾಕೆಂದರೆ ಬೇರೆ ಯಾರು ಒಂದು ಹೊಲಿಗೆ ಹಾಕಿದರೂ ಭಾರದಲ್ಲಿ ಅವರಿಗೂ ಪಾಲು. ಇನ್ನೊಂದು, ಹೊಲಿಯುವವರನ್ನು ಕಟ್ಟಿಕೊಂಡವರು ಸೂಜಿಯಿಂದ ಹೊಲಿಯಬಾರದು. ಮನೆಗೊಬ್ಬರು ನೆಟ್ಟಗಿರಬೇಕಲ್ಲ! ನಮ್ಮ ಮನೆಯಲ್ಲಿ ನೆಟ್ಟಗಿರುವವಳು ನಾನು. ಮದುವೆಯಾದಾಗಿನಿಂದ ಒಂದು ಗುಂಡಿ ಹೊಲಿದವಳಲ್ಲ. ನನ್ನ ಕುಪ್ಪಸದ ಹುಕ್ಕನ್ನೂ ಪಕ್ಕದ ಮನೆಯವರೇ ಹಾಕಿಕೊಡಬೇಕು.

ಎಲ್ಲ ಸುಸೂತ್ರವಾಗಿಯೇ ನಡೆದಿತ್ತು, ಬಸ್‌ಸ್ಟ್ಯಾಂಡಿನ ಎದುರು ಕಲ್ಮೇಶಿ ಅಂಗಡಿ ಇಡುವ ತನಕ. ನಮ್ಮೂರಿನ ಹುಡುಗನೇ, ಕೆಟ್ಟವನಲ್ಲ, ಆದರೆ ಎಲ್ಲಿಂದಲೋ ಲಾರಿಯಲ್ಲಿ ಬರುವ ಕಾರ್ಖಾನೆಯ ಚೀಲಗಳನ್ನು ಏಳುನೂರಕ್ಕೆ ಮಾರುತ್ತಿದ್ದ. ನೋಡಲು ನಮ್ಮವಕ್ಕಿಂತ ಬಣ್ಣ, ಜೇಬುಗಳಿಗೆ ಲೆಕ್ಕವಿಲ್ಲ. ಹೊತ್ತವರಿಗೆ ಪೂರ್ತಿ ಭಾರ ಬೀಳುತ್ತದೆ ಎನ್ನುವುದು ಗುಡ್ಡದ ಅರ್ಧಕ್ಕೆ ಹೋದ ಮೇಲೆ ತಿಳಿಯುವ ಸಂಗತಿ, ಅಲ್ಲಿಂದ ಯಾರು ವಾಪಸು ಬಂದು ಜಗಳ ಮಾಡುತ್ತಾರೆ? ನಮ್ಮ ಗಿರಾಕಿಗಳು ಒಬ್ಬೊಬ್ಬರೇ ಕರಗಿದರು. ಒಂದು ವರ್ಷದಲ್ಲಿ ಇವರ ಹೆಸರಿನ ಹನ್ನೆರಡು ಚೀಲಗಳಲ್ಲಿ ಒಂಬತ್ತು ಹರಿದು, ಹಳತಾಗಿ, ಬಿಚ್ಚಲು ವಾಪಸು ಬಂದವು. ಹೊಸದು ಒಂದೂ ಹೋಗಲಿಲ್ಲ.

ಹೆಗಲು ಹಗುರಾದರೆ ಮನುಷ್ಯ ಕುಣಿದಾಡಬೇಕು. ಇವರು ಮಾತ್ರ ದಿನದಿನಕ್ಕೂ ಬಾಡಿದರು. ಶನಿವಾರ ಬಂದರೆ ಸುಮ್ಮನೆ ಗೋಡೆಗೆ ಒರಗಿ ಕೂತು, ಬಾರದ ಭಾರಕ್ಕೆ ಕಾಯುತ್ತಿದ್ದರು. ಅದರ ಮೇಲೆ ಒಬ್ಬ ಟೋಪಿಯವನು ನಮ್ಮ ಮೆಟ್ಟಿಲ ಮೇಲೆಯೇ ನಿಂತು, “ಇದು ಹಾಡಹಗಲೇ ದರೋಡೆ” ಎಂದುಬಿಟ್ಟ. ಆ ದಿನ ಇವರು ಊಟ ಮಾಡಲಿಲ್ಲ. ನನಗೆ ಆ ಟೋಪಿಯನ್ನು ಒಲೆಗೆ ಹಾಕಬೇಕು ಅನ್ನಿಸಿತು.

ಇಂಥ ಹೊತ್ತಿನಲ್ಲಿ ಬಂದವರು ವಿಮಲಾಬಾಯಿ ಇನಾಮದಾರ, ಪಕ್ಕದ ಪಟ್ಟಣದ ಹೆಣ್ಣುಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯಿನಿ, ನಮ್ಮ ಕಡೆಯ ಮಾತಿನಲ್ಲಿ ದೊಡ್ಡ ಬಾಯಾರು. ಕೈಯಲ್ಲಿ ಕೊಡೆ, ಕೊರಳಲ್ಲಿ ಸೀಟಿ. ನಲವತ್ತು ಹುಡುಗಿಯರನ್ನು ಗುಡ್ಡಕ್ಕೆ ಕರೆತರಬೇಕು, ಅದೇ ಚೀಲ ಆಮೇಲೆ ಶಾಲೆಗೂ ಆಗಬೇಕು. ಕಲ್ಮೇಶಿಯ ಚೀಲದ ಪಟ್ಟಿಯನ್ನು ಅವರು ಒಂದೇ ಸಲ ಜಗ್ಗಿ ಕಿತ್ತು ಅವನ ಕೈಗೇ ಕೊಟ್ಟು ಬಂದಿದ್ದರು.

“ನಿಮ್ಮ ಹೊಲಿಗಿ ಛಲೋ ಅದ, ಬೆಲಿ ಛಲೋ ಇಲ್ಲ,” ಎಂದರು. “ಆರನೂರು. ನಲವತ್ತೂ ನೀವ ಹೊಲೀರಿ. ಇಲ್ಲಂದ್ರ ಇಲ್ಲಂತ ಹೇಳ್ರಿ, ಬಸ್ಸಿನ ಹೊತ್ತಾತು.”

ನಾನು ಒಳಗಿನಿಂದ ಬಳೆ ಸದ್ದು ಮಾಡಿದೆ, ಕೆಮ್ಮಿದೆ, ಕೊನೆಗೆ ಒಂದು ತಟ್ಟೆಯನ್ನೇ ಬೀಳಿಸಿದೆ. ಇವರು ತಿರುಗಿಯೂ ನೋಡದೆ “ಆತ್ರಿ” ಎಂದುಬಿಟ್ಟರು.

“ತಲಿ ಕೆಟ್ಟೈತೇನ್ರೀ ನಿಮಗ?” ಎಂದೆ ಬಾಯಾರು ಹೋದ ಮೇಲೆ. “ಹನ್ನೆರಡರ ಮ್ಯಾಲ ಹೊಲಿಯಾಂಗಿಲ್ಲ, ನಲವತ್ತಂತ ನಲವತ್ತು!”

“ಹನ್ನೆರಡು ದೊಡ್ಡ ಮಂದಿಗೆ. ಇವು ಹುಡುಗ್ಯಾರು. ಒಂದ್ ಬುತ್ತಿ ಡಬ್ಬಿ, ಒಂದ್ ನೀರಿನ ಬಾಟ್ಲಿ, ಕೂಡಿದ್ರ ಒಂದೂವರಿ ಕಿಲೋ. ಅದರಾಗ ಅರ್ಧ ನಂದು. ನಲವತ್ತಕ್ಕ ಎಷ್ಟಾತು? ಮೂವತ್ತು ಕಿಲೋ. ಅಷ್ಟು ನಾ ಕಲ್ಲಂಗಡಿ ಸುದ್ದಾ ಹೊತ್ತೀನಿ.”

ಹೊಲಿಯುವವರಲ್ಲೆಲ್ಲ ಹಿರಿಯರಾದ ದಾವಲಸಾಬರು ಕೋಲೂರಿಕೊಂಡು ಬಂದು ಬುದ್ಧಿ ಹೇಳಿದರು. ಅವರ ಮಾತಿಗೂ ಇವರು ಇದೇ ಲೆಕ್ಕ ಒಪ್ಪಿಸಿದರು. ಎರಡು ತಿಂಗಳು ಹಗಲೆಲ್ಲ ಹೊಲಿದರು. ಶಾಲೆಗೆ ಹೋಗಿ ಒಬ್ಬೊಬ್ಬ ಹುಡುಗಿಯ ಹೆಗಲು, ಬೆನ್ನು ಅಳೆದು ತಂದಿದ್ದರು. ಪಟ್ಟಿ ಒತ್ತಬಾರದೆಂದು ಒಳಗೆ ಮೆತ್ತನೆಯ ಬಟ್ಟೆ, ಮಳೆ ಬಂದರೆ ಪುಸ್ತಕ ತೋಯಬಾರದೆಂದು ಎರಡು ಪದರದ ಮುಚ್ಚಳ. ಆರುನೂರು ಹೋಗಲಿ, ಆರು ಸಾವಿರ ಕೊಟ್ಟರೂ ಅಂಥ ಚೀಲ ಸಿಗುವುದಿಲ್ಲ. ಗಂಡನೆಂದು ಹೇಳುತ್ತಿಲ್ಲ, ಕಣ್ಣಿದ್ದವರು ಯಾರಾದರೂ ಹೇಳುತ್ತಿದ್ದರು. ಆದರೆ ಇಷ್ಟೆಲ್ಲ ಅಳೆದ ಮನುಷ್ಯ ಒಂದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ನಲವತ್ತು ಹುಡುಗಿಯರಿಗೆ ನಲವತ್ತು ತಾಯಂದಿರಿದ್ದರು.

ಮಗಳು ಮೊದಲ ಸಲ ಗುಡ್ಡಕ್ಕೆ ಹೊರಟರೆ ತಾಯಿ ಏನೇನು ಕಟ್ಟುತ್ತಾಳೆ ಎಂದು ನನ್ನನ್ನು ಕೇಳಿದ್ದರೆ ಹೇಳುತ್ತಿದ್ದೆ. ಖಡಕ್ ರೊಟ್ಟಿ, ಮೆತ್ತನೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಆಮೇಲೆ ಗೆಳತಿಯರಿಗೆಂದು ಉಂಡಿ, ಬಾಯಾರಿಗೆಂದು ಚಕ್ಕುಲಿ, ದಾರಿಯಲ್ಲಿ ಯಾರಾದರೂ ಹಸಿದವರು ಸಿಕ್ಕರೆ ಇರಲಿ ಎಂದು ಇನ್ನೊಂದಿಷ್ಟು. ಚಳಿಗೆ ಕೌದಿ. ಬೀಳದಿರಲೆಂದು ಮೇಲೊಂದು ಹಗ್ಗ.

ಶನಿವಾರ ಬೆಳಗ್ಗೆ ಎಂಟೂವರೆಗೆ ಗುಡ್ಡದ ಬುಡದಲ್ಲಿ ಬಸ್ಸು ನಿಂತಿತು. ಪಟ್ಟಣದಲ್ಲಿ ತಾಯಂದಿರೇ ಕೈಯಲ್ಲಿ ಎತ್ತಿ ಹಾಕಿಸಿದ್ದ ಚೀಲಗಳು ಬಸ್ಸಿನ ತಲೆಯ ಮೇಲಿದ್ದವು, ಎಲ್ಲ ಕೆಳಗಿಳಿಸಿ ಸಾಲಾಗಿ ಇಟ್ಟರು. ಬಾಯಾರು ಸೀಟಿ ಊದಿದರು. ನಲವತ್ತು ಚೀಲ ಒಟ್ಟಿಗೆ ನಲವತ್ತು ಬೆನ್ನೇರಿದವು. ಆ ಸೀಟಿ ನಮ್ಮ ಮನೆಗೂ ಕೇಳಿಸಿತು. ಪಡಸಾಲೆಯಲ್ಲಿ ನಗುನಗುತ್ತಾ ಬಸಿಯನ್ನು ತುಟಿಗೊಯ್ದಿದ್ದ ಇವರು, ಯಾರೋ ಮೇಲಿಂದ ಒತ್ತಿ ಅಂಟಿಸಿದಂತೆ ನೆಲಕ್ಕೆ ಬಿದ್ದರು. ಮುಖ ಒಂದು ಪಕ್ಕ, ಕೈಗಳು ಎರಡು ಪಕ್ಕ. ಬಸಿ ಉರುಳಿಕೊಂಡು ಅಂಗಳಕ್ಕೆ ಹೋಯಿತು.

“ಎಷ್ಟರ ಐತ್ರೀ?” ಎಂದು ಕಿವಿಯ ಹತ್ತಿರ ಬಗ್ಗಿ ಕೇಳಿದೆ.

“ಕೌದಿ… ತಂದಾವ,” ಎಂದರು. ಮುಂದಿನ ಮಾತಿಗೆ ಉಸಿರು ಸಾಲಲಿಲ್ಲ.

ನಾನು ಎತ್ತಲು ನೋಡಿದೆ, ಅಲ್ಲಾಡಲಿಲ್ಲ. ಅಕ್ಕಪಕ್ಕದ ನಾಲ್ಕು ಮಂದಿ ಬಂದು ಎತ್ತಿದರೂ ಆಗಲಿಲ್ಲ. ಇನ್ನೊಂದು ತಾಸು ಹೀಗೆ ಬಿದ್ದರೆ ಈ ಎದೆ ತಡೆಯುವುದಿಲ್ಲ ಎಂದು ನನಗೆ ಸ್ಪಷ್ಟವಾಗಿ ಗೊತ್ತಾಯಿತು. ಹುಡುಗಿಯರು ತುದಿ ಮುಟ್ಟಲು ನಾಲ್ಕು ತಾಸು ಬೇಕು. ಶನಿವಾರವಾದ್ದರಿಂದ ಊರಿನ ಹೊಲಿಯುವವರೆಲ್ಲ ಅವರವರ ಗೋಡೆಗೆ ಒರಗಿ ಕೂತಿದ್ದರು. ನೆಟ್ಟಗಿದ್ದವರು ಅವರನ್ನು ಕಟ್ಟಿಕೊಂಡ ನಾವಷ್ಟೇ.

“ನಾ ಹೋಗಿ ಹೇಳ್ತೀನಿ,” ಎಂದೆ.

“ಹೊರಗಿನವರಿಗೆ ಹೇಳಾಂಗಿಲ್ಲವಾ,” ಎಂದರು ದಾವಲಸಾಬರು ನಮ್ಮ ಪಡಸಾಲೆಗೆ ತಾಗಿದ ತಮ್ಮ ಕಟ್ಟೆಯ ಮೇಲಿಂದ.

“ನಿಮ್ಮ ನಿಯಮ ಸುಡ್ಲಿ ಕಾಕಾ! ಇಲ್ಲಿ ನನ್ನ ಗಂಡ ಚಪಾತಿ ಆಗ್ಯಾನ!”

ಅವರು ಒಂದು ಗಳಿಗೆ ನೆಲಕ್ಕಂಟಿದ ಇವರನ್ನು ನೋಡಿದರು. ಆಮೇಲೆ ತಮ್ಮ ಸೂಜಿ ಡಬ್ಬಿಯನ್ನೂ ಮೇಣ ಹಚ್ಚಿದ ಕೆಂಪು, ಕಪ್ಪು ದಾರದ ಉಂಡೆಗಳನ್ನೂ ನನ್ನ ಕಡೆ ತಳ್ಳಿ, “ಬಾಯಿ ಮಾತಿಗೆ ನಂಬಲಿಲ್ಲಂದ್ರ ಇದು ಬೇಕಾಕ್ಕೈತಿ,” ಎಂದರು. ಹೊರಗೆ ಬಂದರೆ ಸುದ್ದಿ ಕೇಳಿದ ಕಲ್ಮೇಶಿ ಮೋಟಾರು ಸೈಕಲ್ಲು ಚಾಲೂ ಮಾಡಿಕೊಂಡು ನಿಂತಿದ್ದ. “ಹತ್ತ ಅಕ್ಕಾ, ಹತ್ತ ಲಗೂನ!” ಆ ವರ್ಷ ಅವನನ್ನು ನಾನು ಬೈದದ್ದಕ್ಕೆ ಲೆಕ್ಕವಿಲ್ಲ. ಅಂದು ಮಾತ್ರ ಅವನ ಹೆಗಲು ಹಿಡಿದು ಕೂತು, ಕಣ್ಣು ಮುಚ್ಚಿಕೊಂಡು ಹೋದೆ.

ಹುಡುಗಿಯರ ಸಾಲು ಮೊದಲ ಒರತೆಯ ಹತ್ತಿರ ಸಿಕ್ಕಿತು. ಹಾಡು ಹೇಳಿಕೊಂಡು, ಚೀಲ ಇದ್ದೂ ಇಲ್ಲದವರಂತೆ ಜಿಗಿಯುತ್ತಿದ್ದರು. ನಾನು ಏದುಸಿರು ಬಿಡುತ್ತಾ ಇದ್ದದ್ದನ್ನು ಇದ್ದಂತೆ ಹೇಳಿದೆ. ಬಾಯಾರು ಕೊಡೆ ಊರಿ ನಿಂತು ಪೂರ್ತಿ ಕೇಳಿದರು.

“ಕೊಟ್ಟ ಮ್ಯಾಲ ರೇಟು ಏರಸ್ಲಿಕ್ಕೆ ಇದೊಂದು ನಾಟಕೇನು?”

“ನನ್ನ ಮಾಂಗಲ್ಯದಾಣಿ ಬಾಯಾರ, ಅಲ್ಲಿ ಅವರು ನೆಲಕ್ಕ ಬಿದ್ದಾರ. ಚೀಲ ಇಳಸಾಕ ಹೇಳ್ರಿ.”

“ಒಂದು ಗಂಟೆಕ್ಕ ತುದೀ ಮ್ಯಾಲ ಊಟ. ಅಲ್ಲೀತನಾ ಯಾರೂ ಚೀಲಾ ಇಳಸೂದಿಲ್ಲ. ಶಿಸ್ತು ಅಂದ್ರ ಶಿಸ್ತು.”

ಅತ್ತುಬಿಡೋಣ ಅನ್ನಿಸಿತು. ಅತ್ತರೆ ನಾಟಕ ಇನ್ನಷ್ಟು ಗಟ್ಟಿಯಾಗುತ್ತದೆಂದು ತಡೆದುಕೊಂಡೆ. ಸೂಜಿಗೆ ದಾರ ಪೋಣಿಸಿ ಅವರ ಮುಂದೆ ಹಿಡಿದೆ. “ನಾಟಕಂತೀರಲ್ಲ, ಯಾವ್ದರೆ ಒಂದು ಚೀಲಕ್ಕ ನಿಮ್ಮ ಕೈಯಾರ ಒಂದು ಹೊಲಿಗಿ ಹಾಕ್ರಿ. ಆಮ್ಯಾಲೆ ಆ ಹುಡುಗಿಗೆ ಚೀಲ ಎತ್ಕೊಳ್ಳಾಕ ಹೇಳ್ರಿ.”

“ಒಂದ್ಯಾಕ, ಹತ್ತು ಹಾಕ್ತೀನಿ,” ಎಂದ ಬಾಯಾರು ಹತ್ತಿರದ ಹುಡುಗಿಯನ್ನು ಕರೆದರು. ಮುಬೀನಾ ಅಂತ, ನಲವತ್ತರಲ್ಲಿ ಎಲ್ಲರಿಗಿಂತ ಸಣ್ಣವಳು, ಬೆನ್ನ ಮೇಲಿನ ಚೀಲ ಎಲ್ಲರಿಗಿಂತ ದೊಡ್ಡದು. ಚೀಲ ಇಳಿಸಿಕೊಂಡು ಅದರ ಪಟ್ಟಿಯ ಬುಡಕ್ಕೆ ಬಾಯಾರು ಟಕಟಕನೆ ಹತ್ತು ಹೊಲಿಗೆ ಹಾಕಿ, ದಾರ ಕಡಿದು, ನನ್ನನ್ನು ನೋಡಿ ಮುಗುಳ್ನಕ್ಕರು. “ಎತ್ಕೋವಾ ಮುಬೀನಾ.”

ಮುಬೀನಾ ಎತ್ತಿಕೊಂಡಳು. ಬಾಯಾರು ಒರತೆಯ ಕೆಸರಿನಲ್ಲಿ ದೊಪ್ಪನೆ ಕೂತರು.

ಯಾರೂ ನಗಲಿಲ್ಲ, ಅಷ್ಟು ಶಿಸ್ತು. ಬಾಯಾರು ತಮ್ಮ ಎರಡೂ ಹೆಗಲು ಮುಟ್ಟಿ ನೋಡಿಕೊಂಡರು. ಹಿಂದೆ ತಿರುಗಿ ನೋಡಿದರು. ಆಮೇಲೆ ಬಹಳ ಮೆಲ್ಲಗೆ, “ಮುಬೀನಾ, ಚೀಲದಾಗ ಏನ್ ಅದ?” ಎಂದರು.

“ಕುಕ್ಕರ್ ರೀ ಟೀಚರ್. ಅಮ್ಮಿ ಎಲ್ಲಾರಿಗೂ ಬಿರಿಯಾನಿ ಮಾಡಿ ಕೊಟ್ಟಾಳ್ರೀ.”

“ಇಂಥಾವು ನಲವತ್ತು,” ಎಂದರು ಬಾಯಾರು ನನ್ನ ಮುಖ ನೋಡಿ.

“ನಲವತ್ತು ರೀ. ಹೊರಾಂವ ಒಬ್ಬನ.”

ಅವರು ಕೆಸರಿನಲ್ಲಿ ಕೂತೇ ಸೀಟಿ ಊದಿದರು. ಚೀಲಗಳು ನೆಲಕ್ಕಿಳಿದವು. ಊರಿನಲ್ಲಿ ಇವರು ಮೇಲೆದ್ದಿರುತ್ತಾರೆ ಎಂದುಕೊಂಡ ಕೂಡಲೇ ನಾನೂ ಬಾಯಾರ ಪಕ್ಕಕ್ಕೆ ಕೂತೆ. ಆಗ ತಡೆದಿದ್ದ ಅಳುವನ್ನು ಈಗ ಸಮಾಧಾನವಾಗಿ ಅತ್ತೆ.

ಗುಡ್ಡ ಇಳಿದುಬಿಡೋಣ ಎಂದರು ಬಾಯಾರು. ಹುಡುಗಿಯರ ಮುಖ ಬಿದ್ದುಹೋಯಿತು. ಅಷ್ಟರಲ್ಲಿ ಮುಬೀನಾ, “ಟೀಚರ್, ನೀವು ಹಾಕಿದಂಗ ನಾವೂ ಒಬ್ಬರದಕ್ಕ ಒಬ್ಬರು ಹಾಕ್ಲೇನ್ರೀ? ಆಗ ಅಜ್ಜಾರಿಗೆ ಕಮ್ಮಿ ಆಕ್ಕೈತಲ್ರೀ?” ಎಂದಳು. ತಲೆಮಾರುಗಳಿಂದ ನಿಯಮ ಕಾಯ್ದ ನಮ್ಮೂರಿನ ಒಂದು ತಲೆಗೂ ಇದು ಹೊಳೆದಿರಲಿಲ್ಲ. ಡಬ್ಬಿಯಲ್ಲಿದ್ದದ್ದು ಒಂಬತ್ತೇ ಸೂಜಿ, ಕೈಯಿಂದ ಕೈಗೆ ಹೋದವು. ನಾನು ದಾರ ಪೋಣಿಸುತ್ತಾ ಹೋದೆ, ಪೋಣಿಸುವುದು ಹೊಲಿದಂತಲ್ಲ. ಯಾರು ಯಾರ ಚೀಲಕ್ಕೆ ಹಾಕಿದರೋ, ಕೆಂಪು ದಾರ, ಕಪ್ಪು ದಾರ, ಒಂದು ಹೊಲಿಗೆಯೂ ನೆಟ್ಟಗಿರಲಿಲ್ಲ. ಬುತ್ತಿಯ ಅರ್ಧವನ್ನು ಅಲ್ಲೇ ಬಿಚ್ಚಿ ಉಂಡರು. ಕಲ್ಮೇಶಿ ಎರಡು ಸಲ ಬಿರಿಯಾನಿ ಹಾಕಿಸಿಕೊಂಡ. ಮತ್ತೆ ಸಾಲು ಹೊರಟಾಗ ಕೂಗಾಟ ಗುಡ್ಡವೆಲ್ಲ ತುಂಬಿತು. “ಏ ನೀರ ಕುಡದು ಖಾಲಿ ಮಾಡ, ನನ್ನ ಹೆಗಲು ಬೀಳಾಕತ್ತೈತಿ!” “ಕುಣೀಬ್ಯಾಡ, ನನಗ ಅಲುಗಾಡ್ತೈತಿ!”

ಮನೆಗೆ ಬಂದರೆ ಇವರು ಎದ್ದು ಕೂತಿದ್ದರು. ಗಲ್ಲದ ಮೇಲೆ ನೆಲದ ಕಲ್ಲಿನ ಗುರುತು. ನನಗೆ ಓಡಿಹೋಗಿ ಅಪ್ಪಿಕೊಳ್ಳಬೇಕು ಅನ್ನಿಸಿತು. ಆದರೆ ಆ ಮನುಷ್ಯನ ಬಾಯಿಂದ ಬಂದ ಮೊದಲ ಮಾತು, “ನನ್ನ ಚೀಲಕ್ಕ ಯಾರ ಕೈ ಹಾಕ್ಯಾರ?”

ಹೇಳಿದೆ. ಕಣ್ಣು ಕೆಂಪಗಾದವು. “ನಲವತ್ತಕ್ಕೂ? ಸೊಟ್ಟ ಹೊಲಿಗಿ? ಕೆಂಪು ದಾರಾ?” ಜೀವ ಉಳಿಸಿದ್ದಕ್ಕೆ ಬೈಸಿಕೊಂಡ ಹೆಂಡತಿ ಬಹುಶಃ ನಾನೊಬ್ಬಳೇ. ಮೊದಲ ಸಲ ಗುಡ್ಡ ಹತ್ತಿ ಬಂದ ಚೀಲವನ್ನು ಹೊಲಿದವರಿಗೆ ತೋರಿಸಬೇಕು ಎನ್ನುವುದು ನಮ್ಮ ಪದ್ಧತಿ. ಮುಂದಿನ ಭಾನುವಾರ ಹುಡುಗಿಯರು ಬರುವುದಿತ್ತು. ಅಷ್ಟೂ ದಿನ ಇವರು ಬಿಚ್ಚುವ ಅಲಗನ್ನು ಮಸೆದರು. ನಾನು ಸಿಟ್ಟು ಮಾಡಿದೆ, ಅತ್ತೆ, ಉಪವಾಸ ಮಲಗಿದೆ. “ಆ ಹೊಲಿಗಿ ಬಿಚ್ಚಿದ್ರ ಭಾರೆಲ್ಲಾ ಮತ್ತ ನಿಮ್ಮ ಮ್ಯಾಲ ಬರ್ತೈತಿ. ದಿನಾ ಒಂಬತ್ತೂವರಿಗೆ ನಲವತ್ತು ಹುಡುಗ್ಯಾರ ಪುಸ್ತಕ! ಸಾಯ್ತೀರಿ.”

“ಸತ್ರೂ ನನ್ನ ಹೊಲಿಗಿ ನೆಟ್ಟಗಿರ್ತೈತಿ,” ಎಂದರು.

ಭಾನುವಾರ ನಮ್ಮ ಪಡಸಾಲೆ ತುಂಬಿ ಅಂಗಳದ ತನಕ ಹುಡುಗಿಯರು ಕೂತರು. ಬಾಯಾರು ಕುರ್ಚಿಯ ಮೇಲೆ ಪರ್ಸು ಹಿಡಿದು ಕೂತು, “ಉಳದ ರೊಕ್ಕ ತಂದೀನಿ. ಮೂರ ಸಾವಿರದ ಇನ್ನೂರರಂತೆ,” ಎಂದರು. ಇವರು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. “ಮೊದಲ ಕೆಲಸ ನೆಟ್ಟಗ ಮಾಡ್ತೀನ್ರಿ,” ಎಂದು ಅಲಗು ಹಿಡಿದು ಹತ್ತಿರದಲ್ಲಿದ್ದ ಮುಬೀನಾಳ ಚೀಲಕ್ಕೆ ಕೈ ಚಾಚಿದರು. ನಾನು ಅಡುಗೆಮನೆಯ ಬಾಗಿಲನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಮುಬೀನಾ ಚೀಲವನ್ನು ಎರಡೂ ಕೈಯಿಂದ ಅವುಚಿಕೊಂಡಳು. “ಟೀಚರದು ಬೇಕಾದ್ರ ಬಿಚ್ಚರಿ ಅಜ್ಜಾರ. ಈ ಕೆಂಪು ದಾರದ್ದು ಬ್ಯಾಡ.”

“ಯಾಕವಾ? ಎಲ್ಲಾದಕ್ಕಿಂತ ಅದ ಸೊಟ್ಟ ಐತಿ.”

“ಅದು ದೀಪಾಲಿ ಹಾಕಿದ್ದು.” ಮುಬೀನಾ ಅಂಗಳದ ಆ ತುದಿಗೆ ಬೆನ್ನು ತಿರುಗಿಸಿ ಕೂತಿದ್ದ ಎರಡು ಜಡೆಯ ಹುಡುಗಿಯ ಕಡೆ ನೋಡಿದಳು. “ಆಕಿ ನಾಕ್ ದಿನದಿಂದ ನನ್ನ ಜೋಡಿ ಮಾತಾಡವಲ್ಲಳು. ನಾನೂ ಮಾತಾಡಂಗಿಲ್ಲ. ಆದ್ರ ಆಕಿಗೆ ಭಾರ ಆಕ್ಕೈತಂತ ನಾ ಎರಡು ಪುಸ್ತಕ ಮನ್ಯಾಗ ಬಿಟ್ಟು ಬರ್ತೀನ್ರೀ. ಬಿಚ್ಚಿಬಿಟ್ರ ಆಕಿಗೆ ಹ್ಯಾಂಗ ಗೊತ್ತಾಗಬೇಕು?”

ಇವರು ಆ ಕೆಂಪು ಹೊಲಿಗೆಯನ್ನು ಹೆಬ್ಬೆರಳಿನಿಂದ ತೀಡಿದರು. ಹೆಗಲು ಏನು ಹೇಳುತ್ತದೆ ಎನ್ನುವುದು ಇವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು! ಕೊನೆಗೆ ಅಲಗನ್ನು ಮಡಚಿ ಅಂಗಿಯ ಜೇಬಿಗೆ ಹಾಕಿ, “ದೀಪಾಲಿ ಅನ್ನಾಕಿ ಯಾರವಾ? ಬಾ ಇಲ್ಲೆ,” ಎಂದು ಜೋರಾಗಿ ಕರೆದರು. “ಹೊಲಿಗಿ ಹಾಕಿ ಗಂಟ ಹಾಕಿಲ್ಲ. ನಾಳೆ ಬಿಚ್ಚಿ ಹೊಕ್ಕೈತಿ. ಕೂಡು, ಕಲಸ್ತೀನಿ. ಎಲ್ಲಾರೂ ಸಾಲ ಹಚ್ಚರಿ, ಒಬ್ಬರದೂ ಗಂಟು ನೆಟ್ಟಗಿಲ್ಲ!”

ನನ್ನ ಕೈ ತಾನಾಗಿಯೇ ಬಾಗಿಲು ಬಿಟ್ಟಿತು. ಬಾಯಾರು ಪರ್ಸು ತೆರೆದರು. “ಹಂಗಾದ್ರ ಉಳದದ್ದು?”

“ಉಳದದ್ದನ್ನ ಹುಡುಗ್ಯಾರ ಕೊಡಾಕತ್ತಾರಲ್ರೀ,” ಎಂದರು ಇವರು, ಕಣ್ಣೆತ್ತದೆ. “ಇವು ನಲವತ್ತಕ್ಕ ಆರನೂರ ಸರಿ.”

ದೀಪಾಲಿ ಮುಖ ಊದಿಸಿಕೊಂಡು ಬಂದು ಕೂತಳು. ಸೂಜಿ ತೆಗೆದುಕೊಂಡಳು. ಇವರು ತೋರಿಸಿದಂತೆ ದಾರವನ್ನು ಎರಡು ಸುತ್ತು ಸುತ್ತಿ, ನಾಲಿಗೆ ಕಚ್ಚಿಕೊಂಡು ಜಗ್ಗಿದಳು. ಗಂಟು ಬಿಗಿಯಿತು. ಆಮೇಲೆ ಮುಬೀನಾಳನ್ನು ನೋಡದೆ, ಚೀಲಕ್ಕೇ ಕೇಳಿದಳು.

“ಯಾವ್ ಎರಡು ಪುಸ್ತಕ ಬಿಡ್ತಿ?”

“ಗಣಿತ. ಮತ್ತ ಇತಿಹಾಸ.”

“ಗಣಿತ ತೊಗೊಂಡ್ ಬಾ,” ಎಂದಳು ದೀಪಾಲಿ. “ನಾಳೆ ಪರೀಕ್ಷಾ ಐತಿ. ನಾ ಹೊರ್ತೀನಿ.”